ಓರೆ ಬಿದ್ದ ಕವಡೆ

ದೆವ್ವ ಕಂಡೆ, ದೇವರು ಮೈಮೇಲೆ ಬಂದ, ಸತ್ತವರು ಕನಸಿನಲ್ಲಿ ಬಂದು ಬಂಗಾರ ಹೂತಿಟ್ಟ ಜಾಗ ಹೇಳಿದರು ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಶಿಗ್ಗಾಂವಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಜೋಳದ ಚೀಲ ಇಳಿಸಿ ಪಾಳಿಗೆ ಕಾಯುತ್ತ ಕೂತ ಹೆಂಗಸರು ಹೇಳದ ಕಥೆ ಇಲ್ಲ. ಎಲ್ಲವನ್ನೂ ಕೇಳುತ್ತೇನೆ, ಹೂಂ ಅನ್ನುತ್ತೇನೆ, ಒಂದನ್ನೂ ನಂಬುವುದಿಲ್ಲ. ಒಂದು ಸಲ ಅಮಾವಾಸ್ಯೆಯ ದಿನ ಬಾಗಿಲು ಹಾಕಿದ ಗಿರಣಿಯೊಳಗಿಂದ ಸದ್ದು ಬರುತ್ತಿದೆ ಎಂದು ಓಣಿಯವರೆಲ್ಲ ಗುಂಪು ಕೂಡಿದ್ದರು. ಬಾಗಿಲು ತೆಗೆದು ನೋಡಿದರೆ ಹೆಗ್ಗಣವೊಂದು ತಗಡಿನ ಡಬ್ಬಿಯೊಳಗೆ ಬಿದ್ದು ಒದ್ದಾಡುತ್ತಿತ್ತು. ಗಿರಣಿ ನಡೆಸುವವಳಿಗೆ ಭಯ ಇದ್ದರೆ ಅದು ಕರೆಂಟ್ ಬಿಲ್ಲಿನದು ಮಾತ್ರ ಎಂದು ಎಲ್ಲರೆದುರು ಹೇಳಿ ನಗುತ್ತಿದ್ದೆ. ಅಂಥವಳು ಈಗ ನಿಮ್ಮ ಮುಂದೆ ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ಗೌರಕ್ಕ ನನಗಿಂತ ಆರು ವರ್ಷ ದೊಡ್ಡವಳು, ರಟ್ಟೀಹಳ್ಳಿಗೆ ಕೊಟ್ಟಿದೆ. ನಮ್ಮ ತವರು ಹಿರೇಬೆಂಡಿಗೇರಿ. ಚಿಕ್ಕಂದಿನಿಂದ ನಾವಿಬ್ಬರೂ ಚೌಕಾಬಾರದ ಹುಚ್ಚಿನವರು. ಪಡಸಾಲೆಯ ಕಲ್ಲಿನ ಮೇಲೆ ಇದ್ದಲಿಯಿಂದ ಮನೆ ಬರೆದು, ನಾಲ್ಕು ಕವಡೆ ಹಿಡಿದು ಕೂತರೆ ಅವ್ವ ಊಟಕ್ಕೆ ಕರೆದು ಕರೆದು ಸೋಲುತ್ತಿದ್ದಳು. ಅವ್ವ ಹೇಳಿಕೊಟ್ಟ ನಿಯಮ ಒಂದಿತ್ತು. ಎದುರಿನವರ ಕಾಯಿ ಊರೆಲ್ಲ ಸುತ್ತಿ ನಡುಮನೆಯ ಬಾಗಿಲಿಗೆ ಬಂದು, ಇನ್ನೊಂದೇ ಹೆಜ್ಜೆಗೆ ಹಣ್ಣಾಗುವಂತಿದ್ದರೆ ಅದನ್ನು ಕಡಿಯಬಾರದು, ಬಾಗಿಲಿಗೆ ಬಂದವರನ್ನು ಹೊಡೆದು ಕಳಿಸಿದ ಹಾಗೆ ಆಗುತ್ತದೆ ಎಂದು. ಗೌರಕ್ಕ ಅದನ್ನು ವ್ರತದಂತೆ ಪಾಲಿಸುತ್ತಿದ್ದಳು. ನಾನು ಒಂದು ದಿನವೂ ಪಾಲಿಸಲಿಲ್ಲ. ಆಟ ಆಟವೇ, ಅದರಲ್ಲಿ ದಯೆ ಧರ್ಮ ಏನು ಎಂಬುದು ನನ್ನ ವಾದ.

ಮದುವೆಯಾದ ಮೇಲೂ ಪ್ರತಿ ವರ್ಷ ಶ್ರಾವಣದ ನಾಗರ ಪಂಚಮಿಗೆ ಇಬ್ಬರೂ ತವರಿಗೆ ಬರುತ್ತಿದ್ದೆವು. ಉಳಿದವರು ಜೋಕಾಲಿ ಆಡುತ್ತಿದ್ದರೆ ನಾವು ಕವಡೆ ಹಿಡಿಯುತ್ತಿದ್ದೆವು. ಹಾಗೆ ಬಂದ ಒಂದು ಪಂಚಮಿಯಲ್ಲಿ ಅವಳ ಕೊನೆಯ ಕಾಯಿ ಬಾಗಿಲಲ್ಲಿತ್ತು, ನನಗೆ ಎರಡು ಬಿದ್ದರೆ ಅದನ್ನು ಕಡಿಯಬಹುದಿತ್ತು. ಬೀಸಿದೆ. ಒಂದು ಕವಡೆ ಬಾಯಿ ಮೇಲಾಗಿ ಬಿತ್ತು, ಎರಡು ಬೋರಲಾದವು, ಇನ್ನೊಂದು ಅವಳ ಸೀರೆಯ ನೆರಿಗೆಗೆ ತಾಗಿ ಓರೆಯಾಗಿ ನಿಂತಿತು. ನಾನು ಎರಡು ಎಂದೆ. ಅವಳು ಓರೆ ಬಿದ್ದದ್ದು ಲೆಕ್ಕಕ್ಕಿಲ್ಲ, ಮತ್ತೆ ಬೀಸು ಎಂದಳು. ನಾನು ಕಡಿದುಬಿಟ್ಟೆ. ಅಲ್ಲಿಂದ ಮಾತಿಗೆ ಮಾತು ಬೆಳೆದು, ಯಾರ ಮದುವೆಯಲ್ಲಿ ಯಾರಿಗೆ ಯಾವ ಸೀರೆ ಕೊಟ್ಟರು ಎನ್ನುವವರೆಗೆ ಹೋಯಿತು. ಮರುವರ್ಷ ನಾನು ಹಬ್ಬದ ಮೊದಲೇ ತವರಿಗೆ ಹೋಗಿ ಬಂದೆ, ಅವಳು ಹಬ್ಬ ಮುಗಿದ ಮೇಲೆ ಹೋದಳು. ಹೀಗೆ ಮೂರು ಪಂಚಮಿ ಕಳೆದವು. ಸರಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿತು, ಆಗಲೂ ನಾನು ರಟ್ಟೀಹಳ್ಳಿಯ ಬಸ್ಸು ಹತ್ತಲಿಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ಬಳ್ಳಿಯ ಕಾಯಿಗಳು.

ಈ ನಡುವೆ ನನ್ನ ಫೋನಿಗೆ ಚೌಕಾಬಾರ ಬಂತು. ಗೋಧಿ ಬೀಸಿಸಲು ಬಂದ ಶಾಲೆಯ ಟೀಚರ್ ಒಬ್ಬರು, ಕರೆಂಟು ಹೋಗಿ ಸುಮ್ಮನೆ ಕೂತಿದ್ದಾಗ, ಆನ್‌ಲೈನಿನಲ್ಲಿ ಆಡುವ ಆಟಗಳ ತಾಣವೊಂದನ್ನು ಹಾಕಿಕೊಟ್ಟರು. ಎಲ್ಲಿಯವರೋ ಏನೋ, ಎದುರಿಗೆ ಬಂದು ಆಡುತ್ತಾರೆ. ನಮ್ಮ ಕಡೆ ಕರೆಂಟು ಹೋಗುವುದು ಕಡಿಮೆ ಏನಲ್ಲ. ಗಿರಣಿ ನಿಂತಿತೆಂದರೆ ನಾನು ಕೈಯ ಹಿಟ್ಟು ಒರೆಸಿಕೊಂಡು ಫೋನು ಹಿಡಿಯುತ್ತಿದ್ದೆ. ಬರಬರುತ್ತ ಕರೆಂಟು ಬಂದರೂ ಆಟ ಮುಗಿಯಲಿ ಎಂದು ಗಿರಾಕಿಗಳನ್ನೇ ಕಾಯಿಸುವಂತಾಯಿತು. ಫೋನಿನಲ್ಲಿ ಕವಡೆ ಓರೆ ಬೀಳುವುದಿಲ್ಲ. ಜಗಳಕ್ಕೆ ಜಾಗವೇ ಇಲ್ಲದ್ದರಿಂದ ಮೊದಮೊದಲು ಸಪ್ಪೆ ಅನಿಸಿತ್ತು.

ಆಮೇಲೆ ಎದುರಾಳಿಯೊಂದು ಗಂಟುಬಿತ್ತು. ಹೆಸರಿನ ಜಾಗದಲ್ಲಿ ಬರೀ ಗೆಸ್ಟ್ ಎಂದಿತ್ತು, ಚಿತ್ರವೂ ಇರಲಿಲ್ಲ. ಮಧ್ಯಾಹ್ನವಾದರೆ ತಪ್ಪದೆ ಬರುತ್ತಿತ್ತು. ಆಟ ಮಾತ್ರ ಬಹಳ ಚೆನ್ನ. ಅವಸರವಿಲ್ಲ, ದುರಾಸೆಯಿಲ್ಲ. ಕೆಲವು ದಿನ ಆಡಿದ ಮೇಲೆ ನನಗೊಂದು ಹೊಳೆಯಿತು. ನನ್ನ ಕಾಯಿ ಬಾಗಿಲಿಗೆ ಬಂದು ನಿಂತಾಗ, ಕಡಿಯುವಷ್ಟು ಕವಡೆ ಬಿದ್ದರೂ ಈ ಗೆಸ್ಟ್ ಕಡಿಯುತ್ತಿರಲಿಲ್ಲ. ಬೇರೆ ಕಾಯಿ ನಡೆಸಿ ನನ್ನನ್ನು ಒಳಗೆ ಬಿಡುತ್ತಿತ್ತು. ಒಂದು ಸಲವಾದರೆ ಕಣ್ತಪ್ಪು ಅನ್ನಬಹುದು. ಪ್ರತಿ ಸಲವೂ ಹೀಗೇ. ನಾನು ಯಾರಿಗೂ ಹೇಳಲಿಲ್ಲ. ಈ ನಿಯಮ ನಮ್ಮ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವರನ್ನು ಬಿಟ್ಟು ಇನ್ಯಾರಿಗೆ ಗೊತ್ತು?

ನಮ್ಮ ಮನೆಯವರಿಗೆ ನನ್ನ ಆಟದ ಮೇಲೆ ಮೊದಲಿಂದಲೂ ಸಿಟ್ಟು. ದಿನಕ್ಕೆ ಎಷ್ಟು ಹೊತ್ತು ಅದರಲ್ಲಿ ಹಾಳಾಗುತ್ತದೆ ಗೊತ್ತೇನು ಎಂದು ಅವರು, ಕರೆಂಟು ಇಲ್ಲದಾಗ ಅರ್ಧ ತಾಸು ಆಡಿದರೆ ಹೆಚ್ಚು ಎಂದು ನಾನು. ಒಂದು ಭಾನುವಾರ ಅವರು ಆ ಟೀಚರನ್ನೇ ಕೇಳಿಕೊಂಡು ಬಂದರು. ಆಟದೊಳಗೇ ಒಂದು ಪುಟ ಇದೆಯಂತೆ, ನೀವು ಯಾವಾಗ, ಯಾರ ಜೊತೆ, ಎಷ್ಟು ಹೊತ್ತು ಆಡಿದಿರಿ ಎಂಬುದೆಲ್ಲ ಅದರಲ್ಲಿ ಬರುತ್ತದಂತೆ. ಅದನ್ನು ತೆರೆದರು. ತಾಸುಗಳ ಲೆಕ್ಕ ನೋಡಿ ನಾನು ಇದು ತಪ್ಪು ಎಂದೆ. ಅವರು ಸಂತೋಷದಿಂದ ಕುಣಿಯುವುದೊಂದು ಬಾಕಿ. ತಾಸುಗಳನ್ನು ದಿನಕ್ಕೆ ಇಳಿಸಿ, ಹಗಲು ರಾತ್ರಿ ಸೇರಿ ಒಂದು ತಿಂಗಳು ಆಗುತ್ತದೆ ಎಂದು ಸಾರಿದರು.

“ಒಂದು ಶ್ರಾವಣ ಮಾಸ ಪೂರಾ ಇದರಾಗ ಹಾಕೀದಿ ನೀ,” ಎಂದರು. “ಈ ವಾರ ಕಡಿಮಿ ಮಾಡ್ಲಿಲ್ಲಂದ್ರ ನಾನ ತಗದು ಒಗೀತೇನಿ.”

ನಾನು ಒಪ್ಪಿಕೊಂಡೆ. ಆದರೆ ನನ್ನ ಕಣ್ಣು ಇದ್ದದ್ದು ಬೇರೆ ಕಡೆ. ಆ ತಿಂಗಳೆಂಬ ತಿಂಗಳೆಲ್ಲ, ಅಲ್ಲೊಂದು ಇಲ್ಲೊಂದು ಬಿಟ್ಟರೆ, ಗೆಸ್ಟ್ ಒಬ್ಬರ ಜೊತೆಗೇ ಕಳೆದಿತ್ತು. ನಾನು ಅಷ್ಟು ಹೊತ್ತು ಕೂತಿದ್ದೆ ಎಂದರೆ ಎದುರಿಗೆ ಅವಳೂ ಅಷ್ಟೇ ಹೊತ್ತು ಕೂತಿದ್ದಳಲ್ಲ ಎಂದುಕೊಂಡೆ. ಬಾಯಿಬಿಟ್ಟು ಮಾತಾಡದ ಗೌರಕ್ಕ ಹೆಸರು ಮುಚ್ಚಿಕೊಂಡು ದಿನಾ ನನ್ನ ಹತ್ತಿರ ಬರುತ್ತಿದ್ದಾಳೆ. ಹೇಳಲು ನಾಚಿಕೆಯಿಲ್ಲ, ನನಗೆ ಅಳು ಬಂತು. ಕಳ್ಳಿಯನ್ನು ಕೈಯಾರೆ ಹಿಡಿದೇ ಹಿಡಿಯುತ್ತೇನೆ ಎಂದು ಮರುದಿನ ಗಿರಣಿಯನ್ನು ಮನೆಯವರಿಗೆ ಒಪ್ಪಿಸಿ, ಅವಳಿಗೆ ಪ್ರಾಣವಾದ ಸವಣೂರ ವೀಳ್ಯದೆಲೆಯ ಕಟ್ಟು ಹಿಡಿದು ಹೊರಟೆ.

ಹಾವೇರಿಯಲ್ಲಿ ಬಸ್ಸು ಬದಲಿಸಿದ ಮೇಲೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಫೋನು ತೆಗೆದರೆ ಗೆಸ್ಟ್ ಹಾಜರು. ಆಡು ಆಡು, ಇನ್ನೊಂದು ತಾಸಿಗೆ ನಿನ್ನ ಮುಂದೆ ಬಂದು ನಿಲ್ಲುತ್ತೇನೆ ಎಂದು ಒಳಗೊಳಗೇ ನಗುತ್ತ ಆಡಿದೆ. ಆಟ ಬಿಗಿಯಾಯಿತು. ನನ್ನವು ಎರಡು ಕಾಯಿ ಹಣ್ಣಾಗಿದ್ದವು, ಒಂದು ಎಡಗಡೆಯ ಕಟ್ಟೆಯಲ್ಲಿತ್ತು, ಇನ್ನೊಂದು ಒಳಸುತ್ತಿನಲ್ಲಿತ್ತು. ಗೆಸ್ಟಿನವು ಮೂರು ಹಣ್ಣಾಗಿ ಕೊನೆಯದು ಬಾಗಿಲಿಗೆ ಬಂದಿತ್ತು. ನನ್ನ ಪಾಳಿ. ಎರಡು ಬಿದ್ದರೆ ಕಡಿಯಬಹುದು. ಅಷ್ಟರಲ್ಲಿ ಗೋವಿನಜೋಳದ ಹೊಲಗಳ ನಡುವೆ ಎಲ್ಲೋ ನೆಟ್‌ವರ್ಕ್ ಹೋಯಿತು. ಪರದೆಯ ಮೇಲೆ ಆಟ ಹಾಗೇ ನಿಂತುಬಿಟ್ಟಿತು, ರಟ್ಟೀಹಳ್ಳಿಯಲ್ಲಿ ಇಳಿಯುವವರೆಗೂ ಅಲುಗಲಿಲ್ಲ.

ಗೌರಕ್ಕನ ಮನೆ ಬಾಗಿಲು ತೆರೆದೇ ಇತ್ತು. ಅವಳು ನನ್ನನ್ನು ನೋಡಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ನಂತರ, “ಬಾ ಖೋಡಿ, ಕಾಲ ತೊಳಕೋ,” ಎಂದಳು. ಮೂರು ವರ್ಷದ ಮುನಿಸಿಗೆ ಇಷ್ಟೇ ಮಾತು. ನಾನು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ನಿನ್ನ ಫೋನು ತೋರಿಸು ಎಂದೆ. ಅವಳು ಅಡಿಗೆಮನೆಯ ಗೂಡಿನಿಂದ ತಂದು ಕೊಟ್ಟಳು. ಗುಂಡಿ ಒತ್ತುವ ಹಳೆಯ ಸಣ್ಣ ಫೋನು. ಅದರಲ್ಲಿ ಮಾತಾಡಬಹುದು, ಅಷ್ಟೇ. ಭಾವನದಾದರೂ ಬೇರೆ ಇದೆಯೇ ಎಂದು ಕೇಳಿದೆ. ಅವರದೂ ಅಂಥದ್ದೇ, ಅದನ್ನು ಹೊಲಕ್ಕೆ ಒಯ್ದಿದ್ದಾರೆ ಎಂದಳು. ಮನೆಯಲ್ಲಿ ಅವರಿಬ್ಬರೇ ಇರುವುದು. ನನಗೆ ಮುಖಭಂಗವಾಯಿತು. ಹಾಗಾದರೆ ಒಂದು ತಿಂಗಳ ಹೊತ್ತು ನಾನು ಯಾರ ಜೊತೆ ಕೂತಿದ್ದೆ?

ನೀರು ಕುಡಿಯಲು ಒಳಗೆ ಹೋದೆ. ನಡುಮನೆಯ ನೆಲದ ಮೇಲೆ ಇದ್ದಲಿಯಿಂದ ಚೌಕಾಬಾರದ ಮನೆ ಬರೆದಿತ್ತು. ಒಂದು ಕಡೆಗೆ ಹುಣಸೆ ಬೀಜ, ಇನ್ನೊಂದು ಕಡೆಗೆ ಹಸಿರು ಬಳೆಯ ಚೂರು. ನೀನು ಯಾರ ಕೂಡ ಆಡುತ್ತಿದ್ದೆ ಎಂದೆ.

“ಯಾರ ಅದಾರ ಇಲ್ಲೆ? ಒಬ್ಬಾಕೀನ ಆಡತೇನಿ,” ಎಂದಳು. “ಹುಣಸಿ ಬೀಜ ನಂದು, ಬಳಿ ನಿಂದು. ಮಧ್ಯಾಹ್ನ ಭಾಂಡೆ ತಿಕ್ಕಿ ಬಂದು ಕುಂತರ ನಿನ್ನ ಕೈನೂ ನಾನ ಆಡತೇನಿ.”

ನಾನು ಬಗ್ಗಿ ನೋಡಿದೆ. ಬಳೆಯ ಚೂರು ಎರಡು ಹಣ್ಣಾಗಿದ್ದವು, ಒಂದು ಎಡಗಡೆಯ ಕಟ್ಟೆಯಲ್ಲಿತ್ತು, ಒಂದು ಒಳಸುತ್ತಿನಲ್ಲಿತ್ತು. ಹುಣಸೆ ಬೀಜ ಮೂರು ನಡುಮನೆಯಲ್ಲಿ, ಒಂದು ಬಾಗಿಲಲ್ಲಿ. ಚೀಲದಿಂದ ಫೋನು ತೆಗೆದು ನೆಲದ ಪಕ್ಕ ಇಟ್ಟೆ. ಇದ್ದಂತೆ ಹೇಳುತ್ತೇನೆ, ಒಂದು ಕಾಯಿಯೂ ಹೆಚ್ಚುಕಡಿಮೆ ಇರಲಿಲ್ಲ. ಗೌರಕ್ಕ ಬಗ್ಗಿ ಅದನ್ನೂ ನೋಡಿದಳು, ಇದನ್ನೂ ನೋಡಿದಳು. ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

“ಅದರಾಗ ಯಾರ ಪಾಳಿ ಐತಿ?”

ನನ್ನದು ಎಂದೆ.

“ಇದರಾಗೂ ನಿಂದ. ಇವತ್ತ ಯಾಕೋ ನಿನ್ನ ಪಾಳಿ ನಾ ಆಡಾಕ ಮನಸ ಬರಲಿಲ್ಲ. ಹಂಗ ಬಿಟ್ಟು ಎದ್ದೆ.” ಕವಡೆಯ ಬಟ್ಟಲು ನನ್ನ ಕಡೆ ಸರಿಸಿದಳು.

ಅಷ್ಟರಲ್ಲಿ ನನ್ನ ಫೋನು ಚಾರ್ಜ್ ಮುಗಿದು ಕಪ್ಪಾಯಿತು. ಊರಲ್ಲಿ ಕರೆಂಟು ಇರಲಿಲ್ಲ. ಹಾಗೇ ಚೀಲಕ್ಕೆ ಹಾಕಿ ಕವಡೆ ಎತ್ತಿದೆ. ಬೀಸಿದೆ. ಒಂದು ಬಾಯಿ ಮೇಲಾಗಿ ಬಿತ್ತು. ಎರಡು ಬೋರಲಾದವು. ಇನ್ನೊಂದು ಉರುಳುತ್ತ ಹೋಗಿ ಗೌರಕ್ಕನ ಸೀರೆಗೆ ತಾಗಿ ಓರೆಯಾಗಿ ನಿಂತಿತು. ಇಬ್ಬರೂ ಅದರ ಮೇಲೆ ಬಗ್ಗಿದೆವು.

“ಓರೆ ಬಿದ್ದತಿ. ಲೆಕ್ಕಕ್ಕಿಲ್ಲ,” ಎಂದೆ ನಾನು.

“ಎರಡು ಅದು. ಕಡಿ,” ಎಂದಳು ಅವಳು.

ನಾನು ಒಲ್ಲೆ ಎಂದೆ. ಅವಳು ಬಿಡಲಿಲ್ಲ. ಓರೆ ಎಂದರೂ ಬಾಯಿ ಮೇಲಿದೆ ಎಂದು ಅವಳು, ಮೇಲಿದ್ದರೂ ಸೀರೆಗೆ ಆತುಕೊಂಡಿದೆ ಎಂದು ನಾನು. ಮೂರು ವರ್ಷದ ಹಿಂದಿನ ಜಗಳವನ್ನೇ ಅದಲುಬದಲು ಮಾಡಿಕೊಂಡು ಸ್ವಲ್ಪ ಹೊತ್ತು ಜೋರಾಗಿಯೇ ಜಗಳಾಡಿದೆವು. ಆಗ ಅವಳಿಗೆ ನಗು ಬಂತು, ಅವಳನ್ನು ನೋಡಿ ನನಗೂ ಬಂತು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು. ಕೊನೆಗೆ ನಾನು ಕಡಿದೆ. ಎಷ್ಟೆಂದರೂ ನನ್ನ ಬುದ್ಧಿ. ಆದರೂ ಆ ಆಟ ಗೆದ್ದವಳು ಅವಳೇ. ಆಮೇಲೆ ಎಷ್ಟು ಆಟ ಆಡಿದೆವೋ ನೆನಪಿಲ್ಲ. ಎಲೆ ಹಾಕಿಕೊಂಡು ಆಡಿದೆವು, ಚುರುಮುರಿ ತಿನ್ನುತ್ತ ಆಡಿದೆವು. ಭಾವ ಹೊಲದಿಂದ ಬಂದು ನೋಡಿ, ತಾವೇ ಚಹಾ ಕಾಸಿ ತಂದು ಪಕ್ಕಕ್ಕಿಟ್ಟು ಹೋದರು.

ಮರುದಿನ ಶಿಗ್ಗಾಂವಿಗೆ ಬಂದು ಫೋನು ಚಾರ್ಜಿಗೆ ಹಾಕಿದೆ. ನಮ್ಮ ಮನೆಯವರು ಅದಕ್ಕೇ ಕಾದಿದ್ದರು. ಆ ಪುಟ ತೆರೆದು, ಅಕ್ಕನ ಮನೆಗೆ ಹೋಗಿ ಮಧ್ಯಾಹ್ನವೆಲ್ಲ ಫೋನಿನಲ್ಲೇ ಮುಖ ಹಾಕಿದ್ದೆಯಲ್ಲ ಎಂದು ನನ್ನ ಮುಂದೆ ಹಿಡಿದರು. ನಾನು ಓದಿದೆ. ಹಿಂದಿನ ದಿನ, ಗೆಸ್ಟ್ ಜೊತೆ, ಊಟದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ. ಮೊದಲ ಆಟ ಗೆಸ್ಟ್ ಗೆದ್ದಿತ್ತು. ಬಸ್ಸಿನಲ್ಲಿ ಆಡಿದ್ದು ಬಿಟ್ಟರೆ ಆ ಹೊತ್ತೆಲ್ಲ ಫೋನು ಸತ್ತು ಚೀಲದಲ್ಲಿತ್ತು, ಎಲೆ ಕಟ್ಟಿದ್ದ ಒದ್ದೆ ಬಟ್ಟೆಯ ಕೆಳಗೆ.

ಟೀಚರನ್ನು ಕೇಳಿದೆ. ನೆಟ್‌ವರ್ಕ್ ಹೋದರೆ ನಮ್ಮ ಬದಲು ಕಂಪ್ಯೂಟರೇ ಆಡುತ್ತದೆ, ಹೊತ್ತು ಹಾಗೇ ಓಡುತ್ತಿರುತ್ತದೆ ಎಂದರು. ಇರಬಹುದು. ಅವರು ಓದಿದವರು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕಂಪ್ಯೂಟರಿಗೆ ರಟ್ಟೀಹಳ್ಳಿಯ ನೆಲದ ಮೇಲಿನ ಹುಣಸೆ ಬೀಜ ಹೇಗೆ ಕಂಡಿತು, ಅವ್ವನ ನಿಯಮ ಹೇಗೆ ತಿಳಿಯಿತು ಎಂದರೆ ಅವರು ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೊರಟರು. ಆಟವನ್ನು ಮನೆಯವರು ತೆಗೆಯಲಿಲ್ಲ, ನಾನೇ ತೆಗೆದೆ. ಈಗ ತಿಂಗಳಿಗೊಮ್ಮೆ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಬಸ್ಸಿನಲ್ಲಿ ರಟ್ಟೀಹಳ್ಳಿಗೆ ಹೋಗುತ್ತೇನೆ. ಮನೆಯವರು ಅದಕ್ಕೂ ಗೊಣಗುತ್ತಾರೆ, ಆದರೆ ಎಲೆಯ ಕಟ್ಟು ತಂದುಕೊಡುವವರು ಅವರೇ.

ಎಷ್ಟೋ ಸಲ ಯೋಚಿಸಿದ್ದೇನೆ, ಇದರ ತಲೆಬುಡ ನನಗೆ ಇವತ್ತಿಗೂ ತಿಳಿದಿಲ್ಲ. ಆ ದಿನ ಪುಟ ನೋಡಿದ ಕೂಡಲೇ ಗೌರಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದ್ದೆ. ಅವಳು ಎಲೆ ಅಗಿಯುತ್ತ ಕೇಳಿಸಿಕೊಂಡಳು. ಒಟ್ಟು ಎಷ್ಟು ಹೊತ್ತು ತೋರಿಸುತ್ತದೆ ಎಂದು ಕೇಳಿದಳು. ಇಡೀ ಒಂದು ಶ್ರಾವಣ ಎಂದೆ.

“ಹಂಗಾರ ನಾವು ಕಳಕೊಂಡ ಮೂರು ಪಂಚಮಿ ತಿರುಗಿ ಮುಟ್ಟಿದುವು ಬಿಡು,” ಎಂದು ಫೋನು ಇಟ್ಟಳು.