ಹೊಟ್ಟೆಹುಣ್ಣು ಅಂದಿದ್ದೆ

ನನ್ನ ಹೆಂಡತಿಗೆ ಆಗಿದ್ದದ್ದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಅವಳು ಬದುಕಿದ್ದಾಗ ಈ ಮಾತನ್ನು ನಾನು ಯಾರ ಮುಂದೆಯೂ ಆಡಲಿಲ್ಲ.

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡುವ ಮೊದಲು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಪರೀಕ್ಷೆಗೆ ತೆಗೆದ ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ನೋಡಿದಾಗ ಕೆಲವು ಪ್ರೋಟೀನುಗಳು ಹೆಚ್ಚಾಗಿ ಕಂಡಿವೆಯಂತೆ. ಅಂಥವರಲ್ಲಿ ಗುಣವಾದ ಮೇಲೂ ಕಾಯಿಲೆ ಮರಳುವ ಸಂಭವ ಜಾಸ್ತಿ, ಆದರೆ ಇದು ಅಂದಾಜು, ಖಚಿತವಲ್ಲ ಎಂದರು. ಪ್ರೋಟೀನ್ ಎಂದರೆ ಬೇಳೆಕಾಳು ಎಂದು ಹೈಸ್ಕೂಲಿನಲ್ಲಿ ಓದಿದ್ದಷ್ಟೇ ನನಗೆ ನೆನಪಿತ್ತು. ಅವಳಿಗೂ ಹಾಗೇ ಅನಿಸಿರಬೇಕು.

“ನಾನು ಬೇಳೆಸಾರು ಜಾಸ್ತಿ ಉಂಡ್ನಾ ಅಮ್ಮಾ?”

ಡಾಕ್ಟರಮ್ಮ ನಕ್ಕರು. “ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಜೀರಿಗೆ ಮೆಣಸಿನ ಚಟ್ನಿ ತಿನ್ಬಹುದಾ ಹಂಗಾರೆ?”

“ಕರೆಂಟು ಮುಗಿಯೋವರೆಗೆ ಬೇಡ. ಆಮೇಲೆ ನಿಮ್ಮಿಷ್ಟ.”

ಇದಕ್ಕೆ ಮೂಲ ಒಂದು ವೈರಸ್, ಅದು ಗಂಡನಿಂದಲೂ ದಾಟಿರಬಹುದು, ತಪ್ಪು ಯಾರದೆಂದು ಹುಡುಕಬೇಡಿ, ಅಕ್ಕಪಕ್ಕದ ಹೆಂಗಸರಿಗೂ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ ಎಂದೂ ಅವರು ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ‘ಗಂಡನಿಂದ’ ಎಂಬುದೊಂದೇ.

ಹರಿಹರಪುರದಲ್ಲಿ ಬಸ್ಸಿಳಿದರೆ ಪಕ್ಕದ ಮನೆಯವಳು ಎದುರಾದಳು. ಅವಳೂ ನನ್ನ ಹೆಂಡತಿಯೂ ಒಂದೇ ಕಾಫಿ ತೋಟದಲ್ಲಿ ಕಳೆ ತೆಗೆಯುತ್ತಿದ್ದವರು.

“ಎಂತಂತೆ ಅಕ್ಕಾ?”

ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು, “ಹೊಟ್ಟೆಹುಣ್ಣು” ಅಂದೆ. ಅವಳು ನನ್ನ ಮುಖ ನೋಡಿದಳು.

ಅಂದಿನಿಂದ ಪಕ್ಕದ ಮನೆಯಿಂದ ಒಂದೆಲಗದ ತಂಬುಳಿ, ಸಪ್ಪೆ ಗಂಜಿ ಬರತೊಡಗಿತು. ಕರೆಂಟು ಮುಗಿದ ಮೇಲೂ ಹೆಂಡತಿ ಅದನ್ನೇ ಉಂಡಳು. ಕಡುಖಾರದ ಆ ಪುಟ್ಟ ಮೆಣಸು ಕಚ್ಚದೆ ತುತ್ತು ಇಳಿಯದವಳು ನನ್ನ ಸುಳ್ಳು ಉಳಿಸಲು ಖಾರ ಬಿಟ್ಟಳು.

“ಗಂಡನ ಮಾತಿಗೆ ಖಾರ ಬಿಟ್ರಲ್ಲ ಅಕ್ಕಾ! ನಮ್ಮನೆಯವರಿಗೆ ಇದ್ರಲ್ಲಿ ಅರ್ಧ ಬುದ್ಧಿ ಇದ್ದಿದ್ರೆ ಕುಡಿಯೋದು ಬಿಡ್ತಿದ್ರು” ಎಂದು ಪಕ್ಕದವಳು ತಮಾಷೆ ಮಾಡುತ್ತಿದ್ದಳು. ಹೆಂಡತಿ ನಗುತ್ತಿದ್ದಳು. ನಾನೂ ನಕ್ಕಿದ್ದೇನೆ.

ಮರುವರ್ಷ ಕಾಯಿಲೆ ಮರಳಿತು. ಹೆಂಡತಿ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಗಂಜಿ ಕುಡಿಸಲು ಬಂದ ಪಕ್ಕದವಳಿಗೆ, “ಒಂಚೂರು ಜೀರಿಗೆ ಮೆಣಸಿನ ಚಟ್ನಿ ಅರೆದು ಕೊಡೇ” ಎಂದಳು.

“ಹುಣ್ಣಿಗೆ ಖಾರವಾ? ಅಣ್ಣಾ, ನೀವಾದ್ರೂ ಹೇಳಿ ಮಾರಾಯ್ರೆ.”

ಇಬ್ಬರೂ ನನ್ನತ್ತ ನೋಡಿದರು. ಬಚ್ಚಲ ಹಿಂದಿನ ಗಿಡದಲ್ಲಿ ಮೆಣಸು ಹಣ್ಣಾಗಿ ಉದುರುತ್ತಿತ್ತು.

“ಹುಷಾರಾದ ಮೇಲೆ ತಿನ್ನುವೆಯಂತೆ” ಎಂದೆ. ಅವಳು ಗಂಜಿಗೆ ಬಾಯಿ ತೆರೆದಳು.

ಅವಳು ಹೋಗಿ ಬಹಳ ದಿನಗಳಾದ ಮೇಲೆ, ಮೊನ್ನೆ, ಪಕ್ಕದವಳನ್ನು ಕರೆದು ನಿಜ ಹೇಳಿದೆ. ಕೊಪ್ಪದ ಆಸ್ಪತ್ರೆಗೆ ಹೋಗಿ ನೀನೂ ಪರೀಕ್ಷೆ ಮಾಡಿಸಿಕೊ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನ ತುದಿ ಹಿಡಿದುಕೊಂಡಳು.

“ಹಂಗಾರೆ ಅವತ್ತು ನಾನು ಚಟ್ನಿ ಕೊಡಬಹುದಿತ್ತಾ ಅಣ್ಣಾ?”

“ಕೊಡಬಹುದಿತ್ತು” ಎಂದೆ.