ಅಪ್ಪನ ಎಡೆಗೆ ಸುಟ್ಟ ರೆಕ್ಕೆ

ಕೋಳಿ ರೆಕ್ಕೆಯ ತುದಿಯನ್ನು ಹಿಂದಕ್ಕೆ ಮಡಚಿ ದಪ್ಪ ಮೂಳೆಯ ಹಿಂದೆ ಸಿಕ್ಕಿಸಿದರೆ ಅದು ಸಣ್ಣ ತ್ರಿಕೋನವಾಗುತ್ತದೆ. ಹಾಗೆ ಮಡಚದಿದ್ದರೆ ತುದಿ ಕರಕಲಾಗುವ ಹೊತ್ತಿಗೂ ದಪ್ಪ ಭಾಗ ಹಸಿಯಾಗಿಯೇ ಇರುತ್ತದೆ. ಆ ಸಂಜೆ ಹದಿನಾರು ರೆಕ್ಕೆಗಳನ್ನು ಮಡಚಿ ತಟ್ಟೆಯಲ್ಲಿಟ್ಟೆ.

ಅಪ್ಪ ತೀರಿಕೊಂಡ ಮೇಲೆ ಹೊಳೆನರಸೀಪುರದ ನಮ್ಮ ಮನೆಗೆ ಬಂದ ಮೊದಲ ಪಕ್ಷ ಅದು. ಹೋದವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ಬಾಳೆಎಲೆಯಲ್ಲಿ ಬಡಿಸಿ ಎಡೆಯಿಡುವ ದಿನ. ಸಾರು, ಮುದ್ದೆ, ಕಜ್ಜಾಯ ಅವ್ವನ ಕೆಲಸ. ರೆಕ್ಕೆಯನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ.

ಅಪ್ಪ ವೆಲ್ಡಿಂಗ್ ಕೆಲಸದವರು. ಹಳೇ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಕಾಲು ಬೆಸೆದು, ಮೇಲೆ ಕಂಬಿ ಜೋಡಿಸಿ ಹಿತ್ತಲಿನಲ್ಲಿ ಒಲೆ ಮಾಡಿಕೊಂಡಿದ್ದರು. ಭಾನುವಾರ ಅದರಲ್ಲಿ ರೆಕ್ಕೆ ಸುಡುತ್ತಿದ್ದರು. ಇದ್ದಲನ್ನು ಅರ್ಧ ಭಾಗಕ್ಕೆ ಮಾತ್ರ ಹರಡಿ, ಕೆಂಡದ ಮೇಲೆ ಬೂದಿ ಕಟ್ಟುವವರೆಗೆ ಕಾದು, ರೆಕ್ಕೆಗಳನ್ನು ಕೆಂಡವಿಲ್ಲದ ಕಡೆ ಇಡುತ್ತಿದ್ದರು. ದಪ್ಪ ಭಾಗ ಕೆಂಡದ ಕಡೆಗೆ. ಆಮೇಲೆ ತಿರುವುತ್ತ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಸರಿಸುತ್ತಿದ್ದರು. ಕೊನೆಯ ಎರಡು ನಿಮಿಷ ಮಾತ್ರ ನೇರ ಕೆಂಡದ ಮೇಲೆ.

"ಇಟ್ಟ್ ಜಾಗ್ದಲ್ಲೇ ಬೇಯಕ್ಕೆ ಇದೇನ್ ಇಡ್ಲಿಯಾ? ಎಲ್ಲಕ್ಕೂ ಒಂದೇ ಸಮ ಬಿಸಿ ತಾಗ್ಬೇಕು ಕಣವ್ವ" ಎನ್ನುತ್ತಿದ್ದರು.

ನಾನು ಆಗ ಹಾಸನದ ಹಾಸ್ಟೆಲಿನಲ್ಲಿದ್ದು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದೆ. ಒಂದು ಭಾನುವಾರ ಮನೆಗೆ ಬಂದಾಗ, ಅಪ್ಪ ಕೊಟ್ಟ ರೆಕ್ಕೆಯನ್ನು ಮುರಿದರೆ ಮೂಳೆಯ ಪಕ್ಕ ಕೆಂಪಿತ್ತು.

"ಅಪ್ಪ, ಇದು ಬೆಂದಿಲ್ಲ."

ಅಪ್ಪ ಅದನ್ನು ಕೈಗೆ ತೆಗೆದುಕೊಂಡು, ಕತ್ತು ವಾರೆ ಮಾಡಿ ಬೆಳಕಿಗೆ ಹಿಡಿದು ನೋಡಿದರು. "ಎಲ್ಲಿ?"

ತೋರಿಸಿದೆ. ಹಸಿ ಕೋಳಿಯಿಂದ ಏನೇನು ಕಾಯಿಲೆ ಬರುತ್ತದೆ ಎಂದೂ ಹೇಳಿದೆ. ಅವರು ವಾದ ಮಾಡಲಿಲ್ಲ. ನನ್ನ ತಟ್ಟೆಯಲ್ಲಿದ್ದದ್ದನ್ನೆಲ್ಲ ಎತ್ತಿ ಮತ್ತೆ ಕೆಂಡಕ್ಕೆ ಹಾಕಿದರು. ಅವು ಒಣಗಿ ಚಕ್ಕೆಯಂತಾದವು. ನಾನು ಎರಡು ತಿಂದು ಎದ್ದೆ. ಆಮೇಲೆ ಅಪ್ಪ ಆ ಒಲೆ ಹಚ್ಚಲೇ ಇಲ್ಲ. ನಾಲ್ಕು ತಿಂಗಳಿಗೆ, ಒಂದು ಮಧ್ಯಾಹ್ನ ವೆಲ್ಡಿಂಗ್ ಅಂಗಡಿಯಲ್ಲಿ ಕುಳಿತಲ್ಲೇ ಅವರ ಎದೆಬಡಿತ ನಿಂತಿತು.

ಹಾಗಾಗಿ ಈ ಸಲ ಅವರ ಎಲೆಗೆ ಸರಿಯಾಗಿ ಬೆಂದ ರೆಕ್ಕೆ ಬೀಳಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮಡಚಿದ ರೆಕ್ಕೆಗಳ ಜೊತೆ ಚಾಕುವನ್ನೂ ತೆಗೆದುಕೊಂಡು ಹಿತ್ತಲಿಗೆ ಹೊರಟಾಗ, ಅರಕಲಗೂಡಿನಿಂದ ಬಂದಿದ್ದ ಅಪ್ಪನ ಅಕ್ಕ ತಡೆದರು. "ಅದ್ಯಾಕೆ?"

"ಒಂದನ್ನ ಸೀಳಿ ನೋಡ್ತೀನಿ ಅತ್ತೆ, ಬೆಂದಿದೆಯಾ ಅಂತ."

"ಅಯ್ಯೋ, ಎಡೆಗೆ ಮುಂಚೆ ಸೀಳ್ತಾರಾ? ಮುಕ್ಕಾದದ್ದು ಇರೀಕರಿಗೆ ಬರಾಕಿಲ್ಲ. ರುಚೀನೂ ನೋಡಂಗಿಲ್ಲ. ಅಷ್ಟ್ ವರ್ಷ ಓದಿದ್ದೀಯ, ಒಂದ್ ರೆಕ್ಕೆ ಬೆಂದೈತಾ ಅನ್ನಾದ್ ಗೊತ್ತಾಗಕಿಲ್ವಾ?"

ಚಾಕುವನ್ನು ಅಲ್ಲೇ ಇಟ್ಟು ಹೋದೆ. ಅಪ್ಪ ಮಾಡುತ್ತಿದ್ದಂತೆಯೇ ಸರಿಸಿದೆ, ತಿರುವಿದೆ. ಇಕ್ಕಳದಿಂದ ಒತ್ತಿ ನೋಡಿದೆ. ಕೊಬ್ಬು ತೊಟ್ಟಿಕ್ಕುವ ಸದ್ದು ಕಡಿಮೆಯಾದ ಮೇಲೂ ಐದು ನಿಮಿಷ ಬಿಟ್ಟೆ.

ಎಲೆಗೆ ಬಡಿಸಿ, ದೀಪ ಹಚ್ಚಿ, ಧೂಪ ಹಾಕಿದ ಮೇಲೆ ಅತ್ತೆ ಫೋಟೋದ ಮುಂದೆ ನಿಂತರು. "ಬಾರ್ಲಾ ತಮ್ಮ. ನಿನ್ ಮಗ್ಳು ಒಗೆ ಕುಡ್ಕೊಂಡು ಸುಟ್ಟವ್ಳೆ. ಎಚ್ಚುಕಮ್ಮಿ ಆಗಿದ್ರೆ ಬೈಬ್ಯಾಡ, ತಿನ್ನು." ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಮೂವರೂ ಜಗಲಿಯಲ್ಲಿ ಕುಳಿತೆವು.

ಬಾಗಿಲು ತೆರೆದ ಮೇಲೆ ಅಪ್ಪನ ಎಲೆಯಿಂದ ಒಂದು ರೆಕ್ಕೆ ತೆಗೆದು ಮುರಿದೆ. ಮೂಳೆಯ ಪಕ್ಕ ಕೆಂಪು. ಅದೇ ಕೆಂಪು.

"ಅವ್ವ, ಬೆಂದಿಲ್ಲ."

ಅವ್ವ ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡಳು. "ಬೆಂದೈತೆ. ಮಾಂಸ ಮೂಳೆ ಬುಟ್ಟು ಎಂಗ್ ಬತ್ತೈತೆ ನೋಡು. ಫಾರಂ ಕೋಳಿ ಎಳೇದು, ಮೂಳೆತಾವ ಅಂಗೇ ಕೆಂಪಿರ್ತೈತೆ."

"ಅವತ್ತು ಅಪ್ಪ ಸುಟ್ಟಿದ್ದೂ ಹೀಗೇ ಇತ್ತಾ?"

ಅವ್ವ ನನ್ನ ಮುಖ ನೋಡಲಿಲ್ಲ. "ಇಂಗೇ ಇತ್ತು."

"ಅಪ್ಪ ಯಾಕೆ ಹೇಳಲಿಲ್ಲ?"

"ಅವ್ರಿಗೆ ಕಾಣ್ತಿದ್ರೆ ತಾನೆ? ಬಲಗಣ್ಣು ಆಗ್ಲೇ ಪೂರ್ತಿ ಮಬ್ಬು. ಇನ್ನೊಂದೂ ಅಷ್ಟಕ್ಕಷ್ಟೆ. ನಿಂಗೆ ಪರೀಕ್ಷೆ ಐತೆ, ಏಳ್ಬ್ಯಾಡ ಅಂದಿದ್ರು. ಸರಿಯಾಗೈತೆ ಅಂತ ನಾನೆಷ್ಟ್ ಏಳಿದ್ರೂ ಕೇಳ್ನಿಲ್ಲ. ಮಗ್ಳು ಓದ್ದೋಳು, ಅವ್ಳಿಗೆ ಗೊತ್ತಿರ್ತದೆ, ನಂಗಿನ್ನು ಬೆಂಕಿ ಮುಂದಿನ್ ಕೆಲ್ಸ ಆಗಕಿಲ್ಲ ಅಂದ್ಬುಟ್ರು."

ಕೈಯಲ್ಲಿದ್ದ ರೆಕ್ಕೆಯನ್ನು ತಿಂದೆ. ಚೆನ್ನಾಗಿ ಬೆಂದಿತ್ತು. ಎರಡನೆಯದನ್ನೂ ತಿಂದೆ. ಅವ್ವ ನೀರಿನ ಲೋಟ ತಂದು ಪಕ್ಕದಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಹಾಸನದ ಬಸ್ಸಿಗೆ ಹೊರಡುವ ಮೊದಲು ಹಿತ್ತಲಿಗೆ ಹೋದೆ. ಬೂದಿಯನ್ನು ಕರಿಬೇವಿನ ಬುಡಕ್ಕೆ ಸುರಿದೆ. ಕಂಬಿಗಳನ್ನು ಒಂದೊಂದಾಗಿ ತೆಂಗಿನ ನಾರಿನಿಂದ ಉಜ್ಜಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಡ್ರಮ್ಮಿನ ಮೇಲೆ ಗೋಣಿಚೀಲ ಹೊದಿಸಿದೆ.