ಲಗ್ನಪತ್ರಿಕೆಯ ಬೆನ್ನ ಮೇಲೊಂದು ಊರು

ಹುಣಸೆ ಬೀಜ ಅಂದರೆ ಮನುಷ್ಯರು, ಅಂಗಿ ಗುಂಡಿ ಅಂದರೆ ಕಾರ್ಖಾನೆಯ ಶೆಡ್ಡು. ಇಷ್ಟು ನನ್ನ ತಲೆಗೆ ಹೋಗಲು ಎರಡು ಭಾನುವಾರ ಹಿಡಿಯಿತು. ಮೂರನೆಯ ಭಾನುವಾರ ನಾನು ಭದ್ರಾವತಿಯಲ್ಲಿ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ತಮ್ಮ ನಿಯಮ ಬದಲಿಸಿ ಕೂತಿದ್ದ. ಈಗ ಗುಂಡಿ ಅಂದರೆ ನೀರು, ಶೆಡ್ಡಿಗೆ ಬೆಂಕಿಕಡ್ಡಿ. ನಾಲ್ಕನೆಯ ವಾರ ಮತ್ತೆ ಗುಂಡಿಯೇ ಶೆಡ್ಡು.

"ಹಾಗಾದ್ರೆ ಹೋದ ವಾರ ನಾನು ಒಂದು ಗಂಟೆ ಆಡಿದ್ದು ಏನನ್ನ?" ಅಂತ ಕೇಳಿದೆ.

"ಅದು ಹಳೇ ವರ್ಷನ್ ಅಕ್ಕ, ಮರೆತುಬಿಡು" ಅಂದ.

ಮರೆಯಬೇಕಾದದ್ದು ಯಾವುದು, ನೆನಪಿಡಬೇಕಾದದ್ದು ಯಾವುದು ಎಂದು ಹೇಳುವ ಪುಣ್ಯಾತ್ಮ ಮಾತ್ರ ಯಾರೂ ಇರಲಿಲ್ಲ.

ತಮ್ಮ ಭದ್ರಾವತಿಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾನೆ, ಅಪ್ಪ ಅಮ್ಮನ ಜೊತೆಗೇ ಇದ್ದಾನೆ. ದಾಳ ಇಲ್ಲದೆ, ಬರೀ ತಲೆ ಓಡಿಸಿ ನಾಲ್ಕು ಜನ ಕೂತು ಆಡುವ ಆಟವೊಂದನ್ನು ಮಾಡಬೇಕೆಂಬ ಹುಚ್ಚು ಅವನಿಗೆ ಹಿಡಿದಿತ್ತು. ಒಂದು ಕಾರ್ಖಾನೆ, ಅದರ ಸುತ್ತ ನಾಲ್ವರಿಗೂ ಹಂಚಿದ ಮನೆಗಳು, ಪಕ್ಕದಲ್ಲಿ ಹೊಳೆ. ಸರದಿ ಬಂದಾಗ ಕಾರ್ಖಾನೆಗೆ ನೀರು ತರಬಹುದು, ಬಿದಿರು ತರಬಹುದು, ಇಲ್ಲವೇ ಕಾರ್ಖಾನೆಯನ್ನು ಒಂದು ಚೌಕ ಬೆಳೆಸಬಹುದು. ಬೆಳೆಸಬೇಕಾದರೆ ಪಕ್ಕದ ಚೌಕದಲ್ಲಿರುವ ಮನೆ ಹೋಗಬೇಕು. ಆ ಮನೆಯಲ್ಲಿರುವ ಹುಣಸೆ ಬೀಜ ತೆಗೆದು ಗುಂಡಿ ಇಟ್ಟರೆ ಇಟ್ಟವನಿಗೆ ಎರಡು ಅಂಕ. ಕಾರ್ಖಾನೆ ಬೆಳೆಯುತ್ತಾ ಹೋಗಿ ಹೊಳೆ ಮುಟ್ಟಿದರೆ ಆಟ ಮುಗಿಯಿತು. ಈಗ ಬರೆಯುವಾಗ ಸಲೀಸಾಗಿ ಬರುತ್ತಿದೆ, ಆಗ ನನಗೆ ಇದರ ತಲೆಬುಡ ಗೊತ್ತಾಗುತ್ತಿರಲಿಲ್ಲ.

ನಾನು ಈ ಆಟಕ್ಕೆ ಬಿದ್ದದ್ದು ಚಿತ್ರದ ಆಸೆಗೆ. ಸವಳಂಗ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದೇನೆ. ಅದೇ ಗಣಪತಿ, ಅದೇ ಬಾಳೆಕಂಬ, ಅದೇ ಓಲಗದವರು. ಮುಹೂರ್ತ ಮುಗಿದ ಮಾರನೇ ದಿನ ನನ್ನ ಗಣಪತಿ ಕಸದ ಬುಟ್ಟಿಯಲ್ಲಿರುತ್ತಾನೆ. ವಿನೋಬನಗರದ ನಮ್ಮ ಬೀದಿಯಲ್ಲೇ ಒಮ್ಮೆ ಅವನನ್ನು ಬಜ್ಜಿಯ ಎಣ್ಣೆ ಹೀರುತ್ತಾ ಕೂತಿದ್ದಾಗ ನೋಡಿದ್ದೇನೆ. ಮದುವೆ ಮುಗಿದ ಮೇಲೂ ಜನ ಎತ್ತಿಟ್ಟುಕೊಳ್ಳುವಂಥ ಒಂದು ಚಿತ್ರ, ಒಂದೇ ಒಂದು, ನನ್ನ ಕೈಯಿಂದ ಆಗಬೇಕು ಎನ್ನುವುದು ನನ್ನ ಆಸೆ. ಆಟ ಸರಿಯಾಗಿ ಬಂದರೆ ಡಬ್ಬಿ ಸಮೇತ ನಮ್ಮ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸೋಣ, ಚಿತ್ರವೆಲ್ಲಾ ನಿನ್ನದೇ ಎಂದು ತಮ್ಮ ಮಾತು ಕೊಟ್ಟಿದ್ದ.

ಕೊಟ್ಟವನು ಬರೆಯಲು ಬಿಟ್ಟರೆ ತಾನೇ! ಪ್ರೆಸ್ಸಿನಲ್ಲಿ ಹಾಳಾದ ಲಗ್ನಪತ್ರಿಕೆಗಳನ್ನು ನಾನೇ ತಂದುಕೊಡಬೇಕಿತ್ತು. ಅವುಗಳ ಬಿಳಿ ಬೆನ್ನುಗಳನ್ನು ಗಮ್ ಟೇಪಿನಲ್ಲಿ ಜೋಡಿಸಿ, ಸ್ಕೇಲಿಟ್ಟು ಗೆರೆ ಎಳೆದು ಬೋರ್ಡು ಮಾಡುತ್ತಿದ್ದ. ಒಂದು ಮೂಲೆಯಲ್ಲಿ ಚಿಕ್ಕದಾಗಿ ಹೊಗೆ ಕೊಳವೆ ಬರೀತೀನಿ ಅಂದರೂ ಬೇಡ.

"ಆಟ ಮೊದ್ಲು ನಿಲ್ಲಲಿ ಅಕ್ಕ. ಚಿತ್ರ ಚೆನ್ನಾಗಿದ್ರೆ ಆಟದ ಹುಳುಕು ಯಾರಿಗೂ ಕಾಣಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ?"

ಇಪ್ಪತ್ತು ವರ್ಷ ಕುಲಾವಿ ಹೊಲಿದವಳ ಎದುರು ಆಡುವ ಮಾತೇ ಇದು? ಸಿಟ್ಟು ಬಂತು. ಆದರೆ ಎದುರಾಡಲು ಆಟ ಅರ್ಥವಾಗಿರಬೇಕಲ್ಲ!

ಆಡಿ ನೋಡುವವರು ಅಪ್ಪ ಮತ್ತು ಅಪ್ಪನ ಮೂವರು ಸ್ನೇಹಿತರು. ಕಾಗದದ ಕಾರ್ಖಾನೆಯ ಕಾಲೊನಿಯಾದ ಕಾಗದನಗರದಲ್ಲಿ ಬೆಳೆದ ನಮಗೆ ಗಂಡಸರ ಹೆಸರು ಗೊತ್ತಿರುತ್ತಿರಲಿಲ್ಲ, ಅವರ ವಿಭಾಗ ಗೊತ್ತಿರುತ್ತಿತ್ತು. ಹಾಗಾಗಿ ಈ ಮೂವರು ಇವತ್ತಿಗೂ ನನಗೆ ಬಾಯ್ಲರ್ ಮಾಮ, ಪಲ್ಪ್ ಮಾಮ, ಗೇಟ್ ಮಾಮ. ನಾಲ್ವರೂ ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿದ್ದವರು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ ಬೀಗದಕೈ ಒಪ್ಪಿಸುವುದು ಅಲ್ಲಿನ ಕ್ರಮ. ಒಬ್ಬೊಬ್ಬರಾಗಿ ಒಪ್ಪಿಸಿ ಬಂದು ಈಗ ಭದ್ರಾವತಿಯಲ್ಲೇ ಒಬ್ಬರಿಗೊಬ್ಬರು ಕೂಗಳತೆಯಲ್ಲಿ ಮನೆ ಮಾಡಿಕೊಂಡಿದ್ದಾರೆ. ಭಾನುವಾರ ಅಪ್ಪನ ಜಗಲಿಯಲ್ಲಿ ಇಸ್ಪೀಟು ಆಡುತ್ತಿದ್ದವರ ಕೈಗೆ ತಮ್ಮ ಹುಣಸೆ ಬೀಜ ಕೊಟ್ಟ.

"ದಾಳ ಇಲ್ದೆ ಎಂಥ ಆಟ ಮಾರಾಯ?" ಎಂದು ಗೇಟ್ ಮಾಮ ಮೊದಲ ದಿನವೇ ತಕರಾರು ತೆಗೆದರು. ಆಮೇಲೆ ಎಲ್ಲರಿಗಿಂತ ಜೋರಾಗಿ ಆಡಿದವರೂ ಅವರೇ. ಮೊದಮೊದಲು ಯಾರು ಆಟ ಶುರು ಮಾಡುತ್ತಾರೋ ಅವರೇ ಗೆಲ್ಲುತ್ತಿದ್ದರು. ತಮ್ಮ ಅದನ್ನು ಸರಿಪಡಿಸಿದ, ಆಗ ಯಾರೂ ಗೆಲ್ಲದ ಹಾಗಾಯಿತು. ಅದನ್ನೂ ಸರಿಪಡಿಸಿದ. ಐದನೆಯ ವಾರದ ಹೊತ್ತಿಗೆ ಆಟಕ್ಕೆ ಎಂಥ ರಂಗು ಬಂತೆಂದರೆ, ಗೇಟ್ ಮಾಮ ಅಪ್ಪನ ಮನೆಗಳನ್ನು ಸಾಲಾಗಿ ಎತ್ತಿ ಗುಂಡಿ ಜಡಿದು "ಹೋಯ್ತು ನಿನ್ ಮನೆ, ಬೀದೀಲಿ ಮಲಕ್ಕೋ!" ಎಂದು ತೊಡೆ ತಟ್ಟಿದರು. ಅಪ್ಪ ಮುಂದಿನ ಸರದಿಯಲ್ಲಿ ಅವರ ಎರಡು ಮನೆ ತೆಗೆದರು. ಕಾಫಿ ಲೋಟ ಬೋರ್ಡಿನ ಮೇಲೇ ಮಗುಚಿತು, ಒರೆಸಿಕೊಂಡು ಆಡಿದರು. ಅಮ್ಮ ಒಳಗಿನಿಂದ, ಪಕ್ಕದ ಮನೆಯವರು ಜಗಳ ಅಂದುಕೊಂಡಾರು, ಮೆತ್ತಗೆ ಆಡಿ ಎಂದು ಕೂಗಿದಳು.

"ಇನ್ನೆರಡು ಸಲ ಹೀಗೇ ಆಡಿ ನೋಡಿ, ಆಮೇಲೆ ಚಿತ್ರ" ಎಂದ ತಮ್ಮ.

ಅವನಿಗೆ ಹೇಳದ ಸಂಗತಿ ಒಂದಿತ್ತು. ಚಿತ್ರ ಆಗಲೇ ಮುಗಿದಿತ್ತು. ಒಂದು ತಿಂಗಳಿಂದ ಬೆಳಿಗ್ಗೆ ಅಡುಗೆಗೆ ಮುಂಚೆ ಕೂತು, ದಪ್ಪ ರಟ್ಟಿನ ಮೇಲೆ, ಆಟದ ಚೌಕಗಳಿಗೆ ಸರಿಯಾಗಿ, ನಮ್ಮ ಹಳೆಯ ಕ್ವಾರ್ಟರ್ಸ್ ಸಾಲನ್ನೇ ಬರೆದುಬಿಟ್ಟಿದ್ದೆ. ನಮ್ಮ ಮನೆಯ ಹಸಿರು ಬಾಗಿಲು, ನುಗ್ಗೆ ಮರ, ಗೋಡೆಗೆ ಒರಗಿದ ಅಪ್ಪನ ಸೈಕಲ್ಲು. ಬಾಯ್ಲರ್ ಮಾಮನ ಹೆಂಡತಿ ಬಾಗಿಲಲ್ಲಿ ಇಡುತ್ತಿದ್ದ ಕೋಲ, ಅವರ ಕಡೆಯ ರಂಗೋಲಿ. ಪಲ್ಪ್ ಮಾಮನ ಕೋಳಿಗೂಡು. ಗೇಟ್ ಮಾಮನ ಮಲ್ಲಿಗೆ ಚಪ್ಪರ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆದರೂ ಹೇಳುತ್ತೇನೆ, ಚೆನ್ನಾಗಿತ್ತು. ಆರನೆಯ ಭಾನುವಾರ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ತಮ್ಮ ಬೇಡ ಅನ್ನುವ ಮೊದಲೇ ಜಗಲಿಯಲ್ಲಿ ಹಾಸಿಬಿಟ್ಟೆ.

ನಾಲ್ವರೂ ಒಬ್ಬೊಬ್ಬರಾಗಿ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಕಾಫಿ ಲೋಟಗಳು ಕಿಟಕಿಯ ಮೇಲೆ ಹೋದವು. ಪಲ್ಪ್ ಮಾಮ ಕನ್ನಡಕ ಒರೆಸಿಕೊಂಡು ತಮ್ಮ ಕೋಳಿಗಳನ್ನು ಎಣಿಸಿದರು. "ಎಂಥಾ ಚೆಂದ ಬರೆದಿದ್ದೀಯಮ್ಮ" ಎಂದರು ಬಾಯ್ಲರ್ ಮಾಮ. ನಾನು ನೆಲದ ಮೇಲಿರಲಿಲ್ಲ. ತಮ್ಮನ ಕಡೆ ನೋಡಿದೆ, ಅವನು ಮುಖ ಊದಿಸಿಕೊಂಡು ನೋಟ್‌ಬುಕ್ ತೆರೆಯುತ್ತಿದ್ದ.

ಆಟ ಶುರುವಾಯಿತು. ಬಾಯ್ಲರ್ ಮಾಮ ನೀರು ತಂದರು. ಪಲ್ಪ್ ಮಾಮ ನೀರು ತಂದರು. ಗೇಟ್ ಮಾಮ ಬಿದಿರು ತಂದರು. ಅಪ್ಪ ನೀರು ತಂದರು. ಎರಡನೆಯ ಸುತ್ತಿನಲ್ಲೂ ನೀರು, ಮೂರನೆಯದರಲ್ಲೂ ನೀರು. ಮುಕ್ಕಾಲು ಗಂಟೆ ನಾಲ್ವರೂ ನೀರು ಹೊತ್ತರು. ಕಾರ್ಖಾನೆ ಇದ್ದಲ್ಲೇ ಇತ್ತು, ಒಂದು ಗುಂಡಿಯೂ ಬೋರ್ಡಿನ ಮೇಲೆ ಕೂರಲಿಲ್ಲ. ಹೋದ ವಾರ ತೊಡೆ ತಟ್ಟಿದ್ದ ಗೇಟ್ ಮಾಮ ಒಮ್ಮೆ ಗುಂಡಿಯನ್ನು ಕೈಯಲ್ಲಿ ಹಿಡಿದು ಕೋಳಿಗೂಡಿನ ತನಕ ಒಯ್ದರು. ಪಲ್ಪ್ ಮಾಮನ ಮುಖ ನೋಡಿ ವಾಪಸು ಹಾಕಿದರು.

ತಮ್ಮ ನನ್ನನ್ನು ಅಡುಗೆಮನೆಗೆ ಕರೆದು ರೇಗಿದ. "ಈಗ ಆಟ ಕೆಟ್ಟಿದ್ಯೋ, ಇಲ್ಲ ನಿನ್ ಚಿತ್ರ ಕೆಡಿಸಿದ್ಯೋ? ನಂಗೆ ಹೇಗೆ ಗೊತ್ತಾಗ್ಬೇಕು? ಐದು ವಾರ ನೀರಲ್ಲಿ ಹೋಮ ಆಯ್ತು."

"ಚಿತ್ರ ಚೆನ್ನಾಗಿರೋದೇ ತಪ್ಪೇನೋ?" ಅಂದೆ. ಕೇಳುವಾಗ ಜಗಳಕ್ಕೇ ಕೇಳಿದ್ದು, ಆದರೆ ಉತ್ತರ ನಿಜವಾಗಿಯೂ ನನಗೆ ಬೇಕಿತ್ತು. ಅಕ್ಕ ತಮ್ಮ ಇಬ್ಬರೂ ಒಗ್ಗರಣೆ ಡಬ್ಬಿ ನೋಡುತ್ತಾ ನಿಂತಿದ್ದೆವು.

ಜಗಲಿಗೆ ಬಂದಾಗ ಅಪ್ಪನ ಸರದಿ. ಅಪ್ಪ ಡಬ್ಬಿಯಿಂದ ಗುಂಡಿ ತೆಗೆದರು. ಹಸಿರು ಬಾಗಿಲಿನ ಮೇಲಿದ್ದ ಹುಣಸೆ ಬೀಜವನ್ನು ಎತ್ತಿ ಪಕ್ಕಕ್ಕಿಟ್ಟು, ಅಲ್ಲಿ ಗುಂಡಿ ಇಟ್ಟರು. ಬಾಗಿಲೂ ಸೈಕಲ್ಲೂ ಅದರಡಿ ಮುಚ್ಚಿಹೋದವು.

ನನ್ನ ಬಾಯಿಂದ ಬಂದೇಬಿಟ್ಟಿತು. "ಅಪ್ಪಾ, ಅದು ನಮ್ಮನೆ!"

"ಗೊತ್ತು ಕಣೇ. ಅದಕ್ಕೇ ಇಟ್ಟೆ. ಬೇರೆಯವ್ರ ಮನೆ ಮೇಲೆ ಇಡೋಕೆ ಮನಸ್ಸು ಬರ್ಲಿಲ್ಲ. ನಮ್ಮದಾದ್ರೆ, ಒಂದ್ಸಲ ಬಿಟ್ಟುಕೊಟ್ಟು ಅಭ್ಯಾಸ ಇದೆಯಲ್ಲ."

ಅಪ್ಪ ಇದನ್ನು ಬೇಸರದಿಂದ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ. ಬೀಗದಕೈ ಒಪ್ಪಿಸಿ ಬಂದ ದಿನ ಅವರು ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನಗೆ ಅಳು ಬಂತು, ಯಾಕೆಂದು ಸರಿಯಾಗಿ ತಿಳಿಯಲಿಲ್ಲ.

ಆಮೇಲೆ ಬಾಯ್ಲರ್ ಮಾಮ ತಮ್ಮ ಕೋಲದ ಮೇಲೆ ಗುಂಡಿ ಇಟ್ಟರು. ಪಲ್ಪ್ ಮಾಮ ಕೋಳಿಗೂಡು ಬಿಟ್ಟರು. ಗೇಟ್ ಮಾಮ ಮೊದಲು ಮೊಬೈಲಿನಲ್ಲಿ ಮಲ್ಲಿಗೆ ಚಪ್ಪರದ ಫೋಟೊ ತೆಗೆದುಕೊಂಡು, ಆಮೇಲೆ ಇಟ್ಟರು. ಕಾರ್ಖಾನೆ ಹೊಳೆ ಮುಟ್ಟಿತು. ಯಾರು ಗೆದ್ದರೆಂದು ಯಾರೂ ಲೆಕ್ಕ ಹಾಕಲಿಲ್ಲ. ತಮ್ಮನ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದಿನ ವಾರ ಫೋನು ಮಾಡಿ ಹೊಸ ನಿಯಮ ಹೇಳಿದ. ಇನ್ನು ಮೇಲೆ ಯಾರೂ ಬೇರೆಯವರ ಮನೆ ತೆಗೆಯುವಂತಿಲ್ಲ, ಬಿಡುವುದಾದರೆ ತಮ್ಮದೇ ಬಿಡಬೇಕು. "ಎಷ್ಟು ಚೆನ್ನಾಗಿದೆ ನೋಡು ಅಕ್ಕ, ಈಗ ಪ್ರತಿ ಸರದೀಲೂ ಯೋಚ್ನೆ ಮಾಡ್ಬೇಕು" ಅಂದ. ಹಿಗ್ಗಿ ಕೇಳುತ್ತಿದ್ದೆ. ಕೊನೆಗೆ ಹೇಳಿದ, "ಬರುವಾಗ ಹಾಳಾದ ಪತ್ರಿಕೆ ತಗೊಂಡು ಬಾ. ಚಿತ್ರ ಬೇಡ. ಖಾಲಿ ಬೋರ್ಡಲ್ಲೂ ಈ ನಿಯಮ ನಿಲ್ಲುತ್ತಾ ನೋಡ್ಬೇಕು."

ಫೋನು ಕುಕ್ಕಿದೆ. ನನ್ನ ಚಿತ್ರದಿಂದ ನಿಯಮ ಹಿಂಡಿಕೊಂಡು ಚಿತ್ರವನ್ನು ಸಿಪ್ಪೆಯ ಹಾಗೆ ಬಿಸಾಡಿದನಲ್ಲ! ಆದರೂ ಭಾನುವಾರ ಪತ್ರಿಕೆಗಳನ್ನು ಹೊತ್ತುಕೊಂಡೇ ಹೋದೆ. ಯಾಕೆ ಹೋದೆ ಅಂದರೆ, ನನಗೂ ನೋಡಬೇಕಿತ್ತು. ಚಿತ್ರ ಇಲ್ಲದಿದ್ದರೆ ಅವರು ಸ್ವಂತ ಮನೆಗಳನ್ನೇ ತೊಡೆ ತಟ್ಟಿ ಕೀಳುತ್ತಾರೆ, ಆಗ ಇವನಿಗೆ ಬುದ್ಧಿ ಬರುತ್ತದೆ ಎಂದು ಒಳಗೊಳಗೇ ಕಾಯುತ್ತಿದ್ದೆ.

ಖಾಲಿ ಬೋರ್ಡು ಹಾಸಿದ. ಬೀಜ ಹಂಚಿದ. ಯಾರೂ ಕೈ ಹಾಕಲಿಲ್ಲ.

"ಪೆನ್ನಿದ್ಯೇನಮ್ಮ?" ಎಂದರು ಪಲ್ಪ್ ಮಾಮ.

ಕೊಟ್ಟೆ. ಅವರು ತಮ್ಮದೇ ಚೌಕದಲ್ಲಿ ಒಂದು ಸೊಟ್ಟ ಗೂಡು, ಅದರ ಪಕ್ಕ ಮೂರು ಚುಕ್ಕೆ ಬರೆದರು. ಕೋಳಿಗಳಂತೆ. ಪೆನ್ನು ಬಾಯ್ಲರ್ ಮಾಮನಿಗೆ ಹೋಯಿತು, ಗೇಟ್ ಮಾಮನಿಗೆ ಹೋಯಿತು. ತಮ್ಮ ತಡೆಯಲು ಬಾಯಿ ತೆರೆದವನು ನನ್ನ ಕಡೆ ನೋಡಿ ಮುಚ್ಚಿಕೊಂಡ. ಕೊನೆಯಲ್ಲಿ ಅಪ್ಪ. ಡಬ್ಬಿಯಂಥದೊಂದು ಮನೆ ಬರೆದರು. ಹಸಿರು ಬಾಗಿಲಿಲ್ಲ, ನುಗ್ಗೆ ಮರವಿಲ್ಲ, ಸೈಕಲ್ಲಿಲ್ಲ. ಮೆಟ್ಟಿಲ ಮೇಲೆ ಮಾತ್ರ ಎರಡು ಸೊನ್ನೆ, ಒಂದು ದೊಡ್ಡದು, ಒಂದು ಚಿಕ್ಕದು.

"ಇದೇನಪ್ಪ?"

"ನೀವಿಬ್ರು."

ನನ್ನ ಚಿತ್ರ ಕಣ್ಣೆದುರು ಬಂತು. ಒಂದು ತಿಂಗಳು ಬರೆದಿದ್ದೆ. ಎಲೆ ಎಲೆಯನ್ನೂ ತಿದ್ದಿದ್ದೆ. ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಆ ದಿನ ಆಟ ಎರಡು ಗಂಟೆ ನಡೆಯಿತು. ಕೂಗಾಟ ಕಡಿಮೆ, ಯೋಚನೆ ಜಾಸ್ತಿ. ಅಪ್ಪ ಅಂಕದಲ್ಲಿ ಮೂರನೆಯವರಾದರು, ಆದರೆ ಆ ಎರಡು ಸೊನ್ನೆಯ ಮನೆಯನ್ನು ಈ ಸಲ ಕೊನೆಯ ತನಕ ಬಿಟ್ಟುಕೊಡಲಿಲ್ಲ. ತಮ್ಮ ನೋಟ್‌ಬುಕ್ ಮುಚ್ಚಿ, "ಆಟ ನಿಂತಿತು. ಇನ್ನು ಚಿತ್ರ ಬರಿ ಅಕ್ಕ" ಅಂದ.

ಇಷ್ಟು ದಿನ ಕಾದಿದ್ದ ಮಾತು. ಮನೆಗೆ ಬಂದು ಹೊಸ ರಟ್ಟು ಹಾಸಿದೆ. ಹೊಳೆ ಬರೆದೆ, ಬಿದಿರಿನ ಲಾರಿಗಳನ್ನು ಬರೆದೆ, ಹೊಗೆ ಕೊಳವೆ ಬರೆದೆ. ಮನೆಗಳ ಚೌಕಕ್ಕೆ ಬಂದರೆ ಕೈ ಏಳಲಿಲ್ಲ. ಹಸಿರು ಬಾಗಿಲನ್ನು ಪೆನ್ಸಿಲಿನಲ್ಲಿ ಬರೆದು ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅದೇ ತಾನೇ ನನಗೆ ಬರೆಯಬೇಕಾಗಿದ್ದದ್ದು? ಎರಡು ವಾರ ಹೀಗೇ ಹೋಯಿತು. ಕಡೆಗೆ ಆ ಚೌಕಗಳನ್ನು ಬಿಳಿಯಾಗಿಯೇ ಬಿಟ್ಟು ಕೊಟ್ಟುಬಿಟ್ಟೆ. ಪ್ರೆಸ್ಸಿನವರು, ಮೇಡಂ ಇಲ್ಲಿ ಚಿತ್ರ ಹಾರಿದೆ ಎಂದು ಎರಡು ಸಲ ವಾಪಸು ಕಳಿಸಿದರು. ಎರಡು ಸಲವೂ ಸರಿಯಾಗಿದೆ ಎಂದು ಸಹಿ ಹಾಕಿದೆ. ಸರಿಯಾಗಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಮೊದಲ ಡಬ್ಬಿ ಅಪ್ಪನಿಗೆ ಕೊಂಡುಹೋದೆ. ಬೋರ್ಡು ಬಿಚ್ಚಿ, ಹೊಳೆಯ ಮೇಲೆ ಕೈಯಾಡಿಸಿ, ಲಾರಿಗಳನ್ನು ನೋಡಿ ಖುಷಿಪಟ್ಟರು. ಆಮೇಲೆ ಬಿಳಿ ಚೌಕಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು.

"ಇದ್ಯಾಕೆ ಖಾಲಿ ಬಿಟ್ಟಿದ್ದೀಯ? ಬಣ್ಣ ಮುಗೀತಾ?"

"ಹೂಂ ಅಪ್ಪ, ಮುಗೀತು" ಅಂದೆ.

ಅಪ್ಪ ಅಂಗಿ ಜೇಬಿನಿಂದ ಪೆನ್ನು ತೆಗೆದರು.